ಗುಡ್ಡ ಇಳಿದು ಬಂದವಳು

ಹೋದ ತಿಂಗಳು ಮುಂಬಯಿಯ ಮಾಟುಂಗದ ಕನ್ನಡ ಸಂಘವೊಂದರವರು ತಮ್ಮ ಸ್ಮರಣ ಸಂಚಿಕೆಗೆ ಅವಳ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಅವಳು ಸ್ಪರ್ಧೆಯ ಓಟ ನಿಲ್ಲಿಸಿದ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಸಣ್ಣದಾಗಿ ಬಂದಿತ್ತು. ಕಾಲೇಜಿನಲ್ಲಿ ಅವಳ ಜೊತೆ ಓಡಿದವರಲ್ಲಿ ಕನ್ನಡ ಬರೆಯಬಲ್ಲವಳು ನಾನೊಬ್ಬಳೇ. ಬರೆದು ಕೊಟ್ಟೆ. ವಾರ ಕಳೆದ ಮೇಲೆ ಸಂಪಾದಕರು ಫೋನ್ ಮಾಡಿ, ಲೇಖನ ಚೆನ್ನಾಗಿದೆ, ಆ ಗುಡ್ಡದ ಶಿಬಿರದ ಭಾಗವೊಂದನ್ನು ತೆಗೆದರೆ ಹೇಗೆ ಎಂದು ಮೆತ್ತಗೆ ಕೇಳಿದರು. ಶಿಬಿರ ನಡೆಸುವ ಕಂಪನಿಯ ಜಾಹೀರಾತು ಸಂಚಿಕೆಯ ಹಿಂದಿನ ರಕ್ಷಾಪುಟಕ್ಕೆ ಬರುವುದಿತ್ತಂತೆ. ಅದನ್ನು ತೆಗೆದರೆ ಅವಳೇ ಉಳಿಯುವುದಿಲ್ಲ ಎಂದು ಹೇಳಿ ಲೇಖನವನ್ನು ವಾಪಸ್ ತೆಗೆದುಕೊಂಡೆ. ಒಂದು ಪುಟದಲ್ಲಿ ಹಿಡಿಸದೆ ಬಿಟ್ಟಿದ್ದನ್ನೂ ಸೇರಿಸಿ ಈಗ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಅದು ಅವಳದೇ ಷರತ್ತು. “ನನ್ನ ಹೆಸರು ಯಾಕ ಬೇಕು, ಆಗಿದ್ದು ಬರಿ,” ಎಂದಿದ್ದಾಳೆ.

ನೋಡಿದವರಿಗೆ ಅವಳು ಓಟಗಾರ್ತಿ ಅನ್ನಿಸುತ್ತಿರಲಿಲ್ಲ. ಗಿಡ್ಡ, ಗಟ್ಟಿ ಮೈಕಟ್ಟು, ಅಗಲ ಭುಜ, ಸೊಂಟದವರೆಗೆ ಇಳಿದ ಜಡೆ. ಓಡುವಾಗ ಹೆಜ್ಜೆ ದಪದಪ ಸದ್ದು ಮಾಡುತ್ತಿತ್ತು. ಕಾಲೇಜಿನ ಮೊದಲ ವರ್ಷದಲ್ಲಿ ನಾವೆಲ್ಲ ಅವಳನ್ನು ಗುಂಡು ಎಸೆಯಲು ಬಂದವಳೆಂದೇ ತಿಳಿದಿದ್ದೆವು. ಮೊದಲ ಓಟದ ದಿನ ಆರಂಭದ ಗೆರೆಯ ಹತ್ತಿರ ಬಂದು ಜಡೆಯನ್ನು ಸುತ್ತಿ ತುರುಬು ಕಟ್ಟಿ, ಅಂಗೈಗಳನ್ನು ತೊಡೆಗೆ ಒರೆಸಿ ನಿಂತಳು. ಓಟ ಮುಗಿದಾಗ ನಾವೆಲ್ಲ ಮೊಣಕಾಲು ಹಿಡಿದು ಬಗ್ಗಿ ಏದುಸಿರು ಬಿಡುತ್ತಿದ್ದರೆ, ಅವಳು ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತು ನಮ್ಮನ್ನು ನೋಡುತ್ತಿದ್ದಳು. ಅವಳಿಗೂ ಸುಸ್ತಾಗಿತ್ತು. ಬಗ್ಗಿದರೆ ಉಸಿರು ಇನ್ನೂ ಕಟ್ಟುತ್ತದೆ ಎಂದು ಆಮೇಲೆ ಹೇಳಿದಳು. ಆ ದಿನದಿಂದ ನಾನು ಅವಳ ಹಿಂದೆ ಎರಡನೆಯವಳಾಗಿ, ಮೂರನೆಯವಳಾಗಿ ಕಾಲೇಜು ಮುಗಿಯುವ ತನಕ ಓಡಿದೆ.

ನಮ್ಮದು ಚೆಂಬೂರಿನ ಮನೆ, ಉಡುಪಿ ಕಡೆಯವರು. ಅವಳದು ವಡಾಲ. ತಂದೆ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಊರು ವಿಜಯಪುರದ ಕಡೆ. ಮನೆಯಲ್ಲಿ ಅವಳ ಅವ್ವ ಬಡಿಯುವ ಜೋಳದ ರೊಟ್ಟಿಯ ಸದ್ದು ಮೆಟ್ಟಿಲ ಬುಡಕ್ಕೇ ಕೇಳುತ್ತಿತ್ತು. ನಮ್ಮಿಬ್ಬರ ಕನ್ನಡ ಒಂದಕ್ಕೊಂದು ಹೊಂದದೆ ಮೊದಮೊದಲು ಹಿಂದಿಯಲ್ಲೇ ಮಾತಾಡುತ್ತಿದ್ದೆವು. ನನ್ನ ‘ಎಂತ ಮಾರಾಯ್ತಿ’ಯನ್ನು ಅವಳು ಅಣಕಿಸುವುದಕ್ಕೆ ಶುರುಮಾಡಿದ ಮೇಲೆ ಕನ್ನಡಕ್ಕೆ ಬಂದೆವು.

ಮೈದಾನದ್ದೊಂದು ಪ್ರಸಂಗ ಹೇಳಬೇಕು. ನಾವು ಅಭ್ಯಾಸ ಮಾಡುತ್ತಿದ್ದ ಮೈದಾನ ಬೆಳಿಗ್ಗೆ ಕ್ರಿಕೆಟ್‌ನವರ ಕೈಯಲ್ಲಿರುತ್ತಿತ್ತು. ಅಂಚಿನಲ್ಲಿ ಸುತ್ತು ಹೊಡೆಯುತ್ತಿದ್ದ ನಮ್ಮನ್ನು ಕ್ಲಬ್ಬಿನ ಕಾರ್ಯದರ್ಶಿ ನಿಲ್ಲಿಸಿ, ಚೆಂಡು ಬಡಿದರೆ ತಾವು ಹೊಣೆಯಲ್ಲ ಎಂದು ಗದರಿದರು. ನಾವೆಲ್ಲ ಬ್ಯಾಗು ಎತ್ತಿಕೊಳ್ಳುತ್ತಿದ್ದೆವು. ಅವಳು ಹಿಂದಿಯಲ್ಲಿ, ನಾನು ಬಂದು ಯಾರಿಗಾದರೂ ಡಿಕ್ಕಿ ಹೊಡೆದರೆ ನಾನೂ ಹೊಣೆಯಲ್ಲ ಎಂದು ಹೇಳಿ ಮತ್ತೆ ಓಡಲು ಹೊರಟಳು. ಬೌಂಡರಿಯಲ್ಲಿ ಫೀಲ್ಡ್ ಮಾಡುತ್ತಿದ್ದ ಹುಡುಗರು ಅವಳು ಬರುವುದನ್ನು ನೋಡಿ ತಾವೇ ದಾರಿ ಬಿಡುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಬೌಂಡರಿಯ ಹಗ್ಗ ಎರಡು ಗಜ ಒಳಗೆ ಸರಿಯಿತು. ಹೊರಗಿನ ಮಣ್ಣು ನಮ್ಮದಾಯಿತು.

ಕೊನೆಯ ವರ್ಷ ಅವಳು ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಹತ್ತು ಸಾವಿರ ಮೀಟರ್ ಗೆದ್ದಳು. ಅದಾದ ಮೇಲೆ ಮನೆಗೆ ಜನ ಬರಲಾರಂಭಿಸಿದರು. ಒಂದು ಸರಕಾರಿ ಇಲಾಖೆಯವರು ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುತ್ತೇವೆ ಎಂದರು. ದಕ್ಷಿಣದ ಗುಡ್ಡದೂರೊಂದರಲ್ಲಿ ಓಟಗಾರರ ಶಿಬಿರ ನಡೆಸುವ ಕಂಪನಿಯೊಂದು ಕೆಲವು ವರ್ಷಗಳ ಒಪ್ಪಂದ ಹಿಡಿದುಕೊಂಡು ಬಂತು. ವಸತಿ, ಊಟ, ಬೂಟು, ಸಂಬಳ ಎಲ್ಲ ಅವರದೇ. ಇವಳು ಅವರು ಹೇಳಿದಲ್ಲಿ ಇದ್ದು ಅವರು ಹೇಳಿದಂತೆ ಓಡಬೇಕು. ನಮಗೆಲ್ಲ ಕಣ್ಣು ಕೋರೈಸಿತು. ಓಡುವುದೇ ನೌಕರಿ ಆಗಬಹುದು ಎನ್ನುವುದು ನಮ್ಮ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಕಾಲೇಜಿನ ಕೋಚ್ ಸಾತಾರಾ ಕಡೆಯ ಮರಾಠಿ ಮನುಷ್ಯ. ಅವರನ್ನು ನಾವು ಸರ್ ಎಂದಷ್ಟೇ ಕರೆಯುತ್ತಿದ್ದೆವು. ಹೋಗಲೇಬೇಕು ಎಂದು ಅವರು ಪಟ್ಟು ಹಿಡಿದರು. ಮುಂಬಯಿಯಲ್ಲಿ ದೂರದ ಓಟಗಾರರು ಹುಟ್ಟಬಹುದೇ ಹೊರತು ಬೆಳೆಯಲಾರರು, ಇಲ್ಲಿನ ಗಾಳಿಯಲ್ಲಿ ಓಡುವುದೂ ಒದ್ದೆ ಕಂಬಳಿ ಹೊದ್ದು ಓಡುವುದೂ ಒಂದೇ ಎನ್ನುವುದು ಅವರ ಮಾತು. ತಪ್ಪೇನಲ್ಲ. ಎತ್ತರದ ಜಾಗದಲ್ಲಿ ಗಾಳಿ ತೆಳು, ಅಲ್ಲಿ ಪಳಗಿದ ರಕ್ತ ಕೆಳಗೆ ಬಂದಾಗ ಚುರುಕಾಗುತ್ತದೆ ಎಂದು ಎಲ್ಲ ಕೋಚ್‌ಗಳೂ ಹೇಳುತ್ತಾರೆ. ಅವಳಿಗೂ ಹೋಗುವ ಆಸೆ ಇತ್ತು. ಕಂಪನಿಯವರು ಬಂದಾಗ ಅವಳು ಕೇಳಿದ್ದು ಸಣ್ಣಸಣ್ಣ ಪ್ರಶ್ನೆಗಳು: ರೂಮಿನಲ್ಲಿ ಜೊತೆಗೆ ಯಾರು, ಅಡುಗೆ ಯಾರು ಮಾಡುತ್ತಾರೆ, ಅವ್ವನಿಗೆ ಹುಷಾರಿಲ್ಲದಿದ್ದರೆ ಬರಬಹುದೇ. ಬಂದವರು ನಕ್ಕು, ಅದೆಲ್ಲ ಅಲ್ಲಿ ಹೋದ ಮೇಲೆ ತಾನಾಗಿ ಸರಿಹೋಗುತ್ತದೆ ಎಂದರು. ಸಹಿ ಆಯಿತು. ಕುರ್ಲಾ ಟರ್ಮಿನಸ್ಸಿಗೆ ಅವಳನ್ನು ಬಿಡಲು ನಾನೂ ಹೋಗಿದ್ದೆ. ಚೀಲದ ತುಂಬ ಕಟಕ ರೊಟ್ಟಿ, ಶೇಂಗಾ ಚಟ್ನಿ. ಅಷ್ಟು ಖುಷಿಯಾಗಿ ಅವಳನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಗುಡ್ಡದ ಬಗ್ಗೆ ಅವಳು ಇವತ್ತಿಗೂ ಕೆಟ್ಟ ಮಾತು ಆಡುವುದಿಲ್ಲ. ನೀಲಗಿರಿ ಮರಗಳ ನಡುವಿನ ಕೆಂಪು ಮಣ್ಣಿನ ದಾರಿ, ಬೆಳಗಿನ ಮಂಜು, ಎಷ್ಟು ಓಡಿದರೂ ಅಂಟದ ಬೆವರು. ಓಡಲಿಕ್ಕೆ ಅಂಥ ಜಾಗ ಇನ್ನೊಂದಿಲ್ಲ ಎಂದೇ ಹೇಳುತ್ತಾಳೆ. ಮೊದಲ ಕೆಲವು ವಾರ ಫೋನಿನಲ್ಲಿ ಅದೇ ವರ್ಣನೆ. ಆಮೇಲೆ ಶಿಬಿರದವರು ಫೋನುಗಳನ್ನು ತೆಗೆದಿಟ್ಟುಕೊಂಡರು. ಭಾನುವಾರ ಮಾತ್ರ ಕೈಗೆ ಸಿಗುತ್ತಿತ್ತು. ಅವಳ ಮಾತು ಚಿಕ್ಕದಾಗುತ್ತ ಬಂತು.

ಅಲ್ಲಿ ಪ್ರತಿದಿನ ಬೆಳಿಗ್ಗೆ ಹಾಲ್‌ನಲ್ಲಿ ಹುಡುಗ ಹುಡುಗಿಯರೆಲ್ಲರ ಎದುರಿಗೆ ತೂಕ ನೋಡುತ್ತಿದ್ದರು. ಆ ತೂಕದ ಯಂತ್ರವನ್ನು ಅವಳು ಕಾಟಾ ಎನ್ನುತ್ತಿದ್ದಳು. ಒಬ್ಬೊಬ್ಬರು ಹತ್ತಿದಾಗಲೂ ಅಲ್ಲಿಯ ಕೋಚ್ ತೂಕವನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಅವರು ಹೇಳಿದ್ದಕ್ಕಿಂತ ಹೆಚ್ಚು ಬಂದರೆ ಆ ದಿನ ಅನ್ನವಿಲ್ಲ, ರೊಟ್ಟಿಯಿಲ್ಲ. ಮೊದಲೇ ಗಟ್ಟಿ ಮೈಯವಳಾದ ಇವಳಿಗೆ ಹೆಚ್ಚಿನ ದಿನ ಸೌತೆಕಾಯಿ, ಬೇಯಿಸಿದ ಮೊಟ್ಟೆಯ ಬಿಳಿಭಾಗ. ಹುಡುಗಿಯರಲ್ಲಿ ಕೆಲವರಿಗೆ ಮುಟ್ಟು ನಿಂತುಹೋಯಿತು. ಹೆದರಿ ಹೇಳಿಕೊಂಡರೆ ಕೋಚ್, ಈಗ ನೀವು ನಿಜವಾದ ಓಟಗಾರ್ತಿಯರಾದಿರಿ ಎಂದು ಬೆನ್ನು ತಟ್ಟಿದರಂತೆ. ಇದನ್ನು ಅವಳು ನನಗೆ ಹೇಳಿದ್ದು ವಾಪಸ್ ಬಂದ ಮೇಲೆ, ವಡಾಲ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು. ಹೇಳುವಾಗ ದನಿ ಏರಲಿಲ್ಲ. ಒಂದರ ಮೇಲೊಂದು ಹಾರ್ಬರ್ ಲೈನಿನ ಲೋಕಲ್‌ಗಳು ಬಂದು ಹೋಗುತ್ತಿದ್ದವು, ನಾವು ಏಳಲಿಲ್ಲ.

ಅವಳ ರೂಮಿನಲ್ಲಿದ್ದವಳು ಜಾರ್ಖಂಡಿನ ಹಳ್ಳಿಯೊಂದರ ಹುಡುಗಿ. ಇವಳಿಗಿಂತ ಚಿಕ್ಕವಳು, ಬಹಳ ಕಡಿಮೆ ಮಾತು. ಕಾಲಿನ ಮುಂಭಾಗದ ಎಲುಬು ನೋಯುತ್ತದೆ ಎಂದು ವಾರಗಟ್ಟಲೆ ಹೇಳುತ್ತಿದ್ದಳಂತೆ. ಸೋಮಾರಿತನ ಎಂದು ಓಡಿಸಿದರು. ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ಎಲುಬು ಮುರಿಯಿತು. ಪ್ಲಾಸ್ಟರು ಹಾಕಿಸಿ, ಅದೇ ವಾರ ಒಬ್ಬಳನ್ನೇ ರೈಲಿಗೆ ಹತ್ತಿಸುವುದೆಂದು ತೀರ್ಮಾನವಾಯಿತು. ಅವಳ ಹಾಸಿಗೆಗೆ ಇನ್ನೊಬ್ಬಳ ಹೆಸರೂ ಬರೆದಾಗಿತ್ತು.

ಮರುದಿನ ತೂಕದ ಹೊತ್ತಿಗೆ ಇವಳ ಸರದಿ ಬಂದಾಗ ಯಂತ್ರದ ಮುಂದೆ ನಿಂತಳು, ಹತ್ತಲಿಲ್ಲ. ಕೋಚ್ ಎರಡು ಸಲ ಹೇಳಿದರು. ಆ ಹುಡುಗಿಯ ಜೊತೆ ಊರಿನ ತನಕ ಯಾರನ್ನಾದರೂ ಕಳಿಸಿ, ಆಮೇಲೆ ಹತ್ತುತ್ತೇನೆ ಎಂದಳು. ಹತ್ತುವುದಿಲ್ಲವಾದರೆ ಗುಡ್ಡ ಇಳಿಯುವ ದಾರಿ ತೆರೆದೇ ಇದೆ ಎಂದು ಕೋಚ್ ಹೇಳಿದರು. ಅವರು ಬಹುಶಃ ಅದನ್ನು ಎಷ್ಟೋ ಮಂದಿಗೆ ಹೇಳಿದ್ದರು, ಯಾರೂ ಇಳಿದಿರಲಿಲ್ಲ. ಇವಳು ರೂಮಿಗೆ ಹೋಗಿ ಇಬ್ಬರ ಬಟ್ಟೆಯನ್ನೂ ಕಟ್ಟಿದಳು. ಪ್ಲಾಸ್ಟರಿನ ಕಾಲಿನ ಆ ಹುಡುಗಿಯನ್ನು ಬಸ್ಸು ಹತ್ತಿಸಿ, ರೈಲು ಬದಲಿಸುತ್ತ, ಭಾಷೆ ಬಾರದ ಊರುಗಳಲ್ಲಿ ಗಾಡಿ ಹಿಡಿಯುತ್ತ, ಅವಳ ಮನೆಯ ಅಂಗಳದ ತನಕ ಮುಟ್ಟಿಸಿದಳು. ಅವರ ಮನೆಯಲ್ಲಿ ನಾಲ್ಕು ದಿನ ಇದ್ದು ಹೊಟ್ಟೆತುಂಬ ಅನ್ನ ಉಂಡಳಂತೆ. ಅಲ್ಲಿಂದ ಮುಂಬಯಿಗೆ ಬಂದಳು.

ಇಲ್ಲಿ ಯಾರೂ ಹಾರ ಹಿಡಿದು ಕಾದಿರಲಿಲ್ಲ. ಕಂಪನಿಯ ವಕೀಲರಿಂದ ನೋಟಿಸು ಬಂತು. ಒಪ್ಪಂದದ ಅವಧಿ ಮುಗಿಯುವ ತನಕ ಬೇರೆ ಯಾವ ಕಂಪನಿಯ ಅಂಗಿ ತೊಟ್ಟೂ ಓಡುವಂತಿಲ್ಲ. ಸರಕಾರಿ ಕೆಲಸಕ್ಕೆ ಬೇರೆಯವರು ಸೇರಿಯಾಗಿತ್ತು. ಸರ್ ಅವಳನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳಲಿಲ್ಲ. ಅವರು ಆ ವರ್ಷವೂ ಇಬ್ಬರು ಹುಡುಗರನ್ನು ಅದೇ ಶಿಬಿರಕ್ಕೆ ಕಳಿಸುವವರಿದ್ದರು. ಅರ್ಧಕ್ಕೆ ಬಿಟ್ಟು ಬಂದವಳು ಎಂಬ ಹೆಸರು ಮೈದಾನದಿಂದ ಮೈದಾನಕ್ಕೆ ಅವಳಿಗಿಂತ ವೇಗವಾಗಿ ಓಡಿತು.

ಆಗ ನಾನು ಚೆಂಬೂರಿನಲ್ಲಿ ವಿಮಾ ಕಚೇರಿಯೊಂದಕ್ಕೆ ಸೇರಿದ್ದೆ, ಓಟ ಬಿಟ್ಟಿದ್ದೆ. “ಇನ್ನು ಎಂತ ಮಾಡುವುದು ಮಾರಾಯ್ತಿ?” ಎಂದು ಕೇಳಿದೆ.

“ನಾಳೆ ಮುಂಜಾನೆ ಉಪ್ಪಿನ ಗದ್ದಿ ರೋಡಿಗೆ ಬರ್ತಿಯೇನು?” ಎಂದಳು.

ಪುಣೆಯಲ್ಲಿ ಒಂದು ಗುಂಪಿತ್ತು. ಬೆಂಗಳೂರಿನಲ್ಲಿ ಒಬ್ಬರು ಕೋಚ್ ಬಾ ಎಂದಿದ್ದರು. ಎರಡೂ ಕಡೆ ಹೋಗಿ ನೋಡಿ ಬಂದಳು. ಕೊನೆಗೆ ವಡಾಲದಲ್ಲೇ ಇರುತ್ತೇನೆ ಎಂದು ನಿರ್ಧರಿಸಿದಳು. ಎಲ್ಲರಿಗೂ ಇದು ಹುಚ್ಚಾಗಿ ಕಂಡಿತು. ನನಗೂ ಕಂಡಿತು. ಅವಳ ಅವ್ವನನ್ನು ಕೇಳಿದರೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದರು: “ಈ ಗಾಳಿ ಕುಡದ ಬೆಳದಾಳವ್ವಾ ಅಕಿ. ಬದುಕಾಕ ಸಾಲೂ ಗಾಳಿ ಓಡಾಕ ಸಾಲಂಗಿಲ್ಲೇನು?”

ಅವಳ ಲೆಕ್ಕ ಬೇರೆಯಿತ್ತು. ಗುಡ್ಡದಲ್ಲಿ ತೆಳು ಗಾಳಿ ಮೈಯನ್ನು ಪಳಗಿಸುವುದಾದರೆ ಇಲ್ಲಿಯ ಶೆಕೆಯೂ ಪಳಗಿಸಬೇಕಲ್ಲ ಎನ್ನುತ್ತಿದ್ದಳು. ಮೇ ತಿಂಗಳಿನಲ್ಲಿ, ಬಿಸಿಲು ಏರಿದ ಮೇಲೆ ಬೇಕೆಂದೇ ಹೊರಡುತ್ತಿದ್ದಳು. ಉಪ್ಪಿನ ಗದ್ದೆಗಳ ಪಕ್ಕದ ರಸ್ತೆಯಲ್ಲಿ ಒಂದು ಕಡೆ ಬಿಳಿ ಗುಪ್ಪೆಗಳು, ಇನ್ನೊಂದು ಕಡೆ ಸಾಲುಗಟ್ಟಿದ ಲಾರಿಗಳು. ಮೊದಮೊದಲು ಡ್ರೈವರುಗಳು ಹಾರ್ನ್ ಹೊಡೆದು ಕಿಚಾಯಿಸುತ್ತಿದ್ದರು. ಅವಳು ಒಬ್ಬನ ಲಾರಿಯ ಮುಂದೆ ಹೋಗಿ ನಿಂತು, ಇಳಿದು ಬಾ, ಜೊತೆಗೆ ಓಡು ಎಂದಳು. ಅವನು ಇಳಿಯಲಿಲ್ಲ. ಮಳೆಗಾಲದಲ್ಲಿ ರಸ್ತೆ ಮುಳುಗಿದಾಗ ಮೇಲೆ ಹಾಯುವ ಫ್ರೀವೇಯ ಕಂಬಗಳ ನಡುವೆ, ಅದೂ ಮುಳುಗಿದರೆ ಕಟ್ಟುತ್ತಿದ್ದ ಬಿಲ್ಡಿಂಗಿನ ಮೆಟ್ಟಿಲುಗಳ ಮೇಲೆ. ಭಾನುವಾರ ನಾನು ಸೈಕಲ್ಲಿನಲ್ಲಿ ನೀರಿನ ಬಾಟಲಿ ಹಿಡಿದು ಹಿಂದೆ ಹೋಗುತ್ತಿದ್ದೆ.

ಮಾಟುಂಗದ ಮಂಗಳೂರು ಕಡೆಯ ಹೋಟೆಲ್ ಮಾಲೀಕರೊಬ್ಬರು ಯಾವಾಗ ಬೇಕಾದರೂ ಬಂದು ಊಟ ಮಾಡಮ್ಮ ಎಂದರು. ಕ್ಯಾಶ್ ಕೌಂಟರಿನ ಹಿಂದೆ ಅವಳ ಫೋಟೋ ಹಾಕುವ ಆಸೆ ಅವರಿಗೆ. ಊಟ ಮಾಡುತ್ತೇನೆ, ಫೋಟೋ ಬೇಡ, ಇನ್ನೂ ಏನೂ ಗೆದ್ದಿಲ್ಲ ಎಂದಳು. ತಟ್ಟೆಯಲ್ಲಿ ಅನ್ನ ಬಂದಾಗ ಅವಳು ಯಾರ ಮುಖವನ್ನೂ ನೋಡದೆ, ಬೇಗಬೇಗ ಕಲಸುತ್ತಿದ್ದಳು. ಆ ಅವಸರ ಹೋಗುವುದಕ್ಕೆ ವರ್ಷವೇ ಬೇಕಾಯಿತು.

ಕಂಪನಿಯ ನಿರ್ಬಂಧ ಮುಗಿಯುವ ತನಕ ಬರೀ ಬಿಳಿ ಬನಿಯನ್ನಿನಲ್ಲಿ ರಸ್ತೆ ಓಟಗಳಲ್ಲಿ ಓಡಿ ಬಹುಮಾನದ ಮೇಲೆ ಬದುಕಿದಳು. ಅದಾದ ಮೇಲಿನ ಬೇಸಿಗೆಯಲ್ಲಿ ಪೂರ್ವ ಕರಾವಳಿಯ ಊರೊಂದರಲ್ಲಿ ರಾಷ್ಟ್ರೀಯ ಕೂಟ ನಡೆಯಿತು. ನಾನು ರಜೆ ಹಾಕಿ ಜೊತೆಗೆ ಹೋಗಿದ್ದೆ. ಸಂಜೆಯಾದರೂ ನಿಂತಲ್ಲೇ ಬೆವರು ಹರಿಯುವ ಊರು. ಹತ್ತು ಸಾವಿರ ಮೀಟರ್ ಓಟದಲ್ಲಿ ಗುಡ್ಡದ ಶಿಬಿರದ ಹುಡುಗಿಯರು ಒಂದೇ ಬಣ್ಣದ ಅಂಗಿ ತೊಟ್ಟು ಮುಂದೆ ಹೋದರು. ಅರ್ಧ ದಾರಿಯ ತನಕ ಇವಳು ಎಲ್ಲೋ ಹಿಂದೆ. ಆಮೇಲೆ ಆ ಅಂಗಿಗಳು ಒಂದೊಂದಾಗಿ ಹಿಂದೆ ಬೀಳತೊಡಗಿದವು. ಅವಳ ದಪದಪ ಹೆಜ್ಜೆ ನಾನು ನಿಂತಲ್ಲಿಗೂ ಕೇಳುತ್ತಿತ್ತು. ಗೆಲ್ಲಲಿಲ್ಲ. ಎರಡನೆಯವಳಾಗಿ ಬಂದಳು. ಶಿಬಿರದ ಒಬ್ಬಳು ಮಾತ್ರ ಅವಳ ಮುಂದಿದ್ದಳು.

ಪದಕ ಕೊಟ್ಟ ಮೇಲೆ ಶಿಬಿರದ ಆ ಕೋಚ್ ನಮ್ಮ ಹತ್ತಿರ ಬಂದರು. ಕೈ ಕುಲುಕಿ, ಬಿಟ್ಟುಹೋಗದೆ ಇದ್ದಿದ್ದರೆ ಇವತ್ತು ಚಿನ್ನ ನಿನ್ನದಾಗುತ್ತಿತ್ತು ಎಂದು ಹಿಂದಿಯಲ್ಲಿ ಹೇಳಿದರು. ನಿಜವಾದ ಕನಿಕರದಿಂದಲೇ ಹೇಳಿದರು ಅನ್ನಿಸುತ್ತದೆ.

“ಇರಬಹುದು ಸರ್,” ಎಂದಳು ಅವಳು. “ನನ್ನ ರೂಮಿನಲ್ಲಿದ್ದ ಹುಡುಗಿಯ ಹೆಸರೇನು, ಹೇಳಿ.”

ಅವರು ನೆನಪಿಸಿಕೊಳ್ಳಲು ನೋಡಿದರು. ಆಕಾಶ ನೋಡಿದರು, ಪಕ್ಕದಲ್ಲಿದ್ದ ಸಹಾಯಕನ ಮುಖ ನೋಡಿದರು. ಅವನಿಗೂ ಗೊತ್ತಿರಲಿಲ್ಲ. ಅವಳು ಹೆಸರನ್ನು ಊರಿನ ಸಮೇತ ಬಿಡಿಸಿ ಹೇಳಿದಳು, ಅವರು ತಲೆಯಾಡಿಸುವ ತನಕ ಕಾದಳು. ಆಮೇಲೆ ನಾವು ಅಲ್ಲಿಂದ ಹೊರಟೆವು. ಆ ಹುಡುಗಿ ಈಗ ತನ್ನ ಊರಿನ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ಅವಳು ಮತ್ತೆ ಸ್ಪರ್ಧೆಯಲ್ಲಿ ಓಡಲಿಲ್ಲ.

ಇವಳೂ ಒಲಿಂಪಿಕ್ಸಿಗೆ ಹೋಗಲಿಲ್ಲ. ಆ ಬೆಳ್ಳಿಗಿಂತ ದೊಡ್ಡ ಪದಕವೂ ಬರಲಿಲ್ಲ. ಗುಡ್ಡದಲ್ಲಿ ಉಳಿದಿದ್ದರೆ ಎಲ್ಲಿಗೋ ಮುಟ್ಟುತ್ತಿದ್ದಳು, ಹಟದಿಂದ ಹಾಳು ಮಾಡಿಕೊಂಡಳು ಎನ್ನುವವರು ಈಗಲೂ ಇದ್ದಾರೆ. ಅವಳ ಮುಂದೆ ಯಾರಾದರೂ ಹಾಗೆ ಅಂದರೆ ಅವಳು ವಾದ ಮಾಡುವುದಿಲ್ಲ. ಇನ್ನೂ ಜೋರಾಗಿ ಓಡುತ್ತಿದ್ದೆನೇನೋ ಎಂದು ತಾನೇ ಒಪ್ಪುತ್ತಾಳೆ. ಒಪ್ಪಿ, ಆದರೂ ಇಳಿದೇ ಬರುತ್ತಿದ್ದೆ ಎನ್ನುತ್ತಾಳೆ. ನನಗೆ ಸಿಟ್ಟು ಬರುವುದು ಹಾಳು ಎನ್ನುವ ಮಾತಿಗೆ. ಹತ್ತಾರು ವರ್ಷ ತನ್ನ ಕಾಲಿನಿಂದ ದುಡಿದು, ತನ್ನ ಮನೆಯ ಅನ್ನ ಉಂಡು, ಕಾಲು ಮುರಿಯದೆ, ತಲೆ ತಗ್ಗಿಸದೆ ಓಡಿದವಳು ಏನನ್ನು ಹಾಳು ಮಾಡಿಕೊಂಡಳು ಎಂದು ನನಗೆ ಯಾರಾದರೂ ಹೇಳಲಿ.

ಉಪ್ಪಿನ ಗದ್ದೆಯ ರಸ್ತೆಗೆ ನಿಧಾನವಾಗಿ ಬೇರೆ ಹುಡುಗಿಯರೂ ಬರಲಾರಂಭಿಸಿದರು. ಅವರಲ್ಲಿ ಒಬ್ಬಳು ಚೆಂಬೂರಿನವಳು, ಬೆಳಗಾವಿ ಕಡೆಯ ಬಟ್ಟೆ ವ್ಯಾಪಾರಿಯ ಮಗಳು. ಅವಳ ಕನ್ನಡ ಅರ್ಧ ಹಿಂದಿ. ಓಟ ಮಾತ್ರ ಬಹಳ ಚಂದ. ಅವಳ ವಯಸ್ಸಿನಲ್ಲಿ ನಾನು ಇದರ ಅರ್ಧ ಇರಲಿಲ್ಲ ಎಂದು ಇವಳೇ ಹೇಳುತ್ತಾಳೆ. ಈ ವರ್ಷ ಆ ಹುಡುಗಿ ಕಾಲೇಜು ಮುಗಿಸಿದಾಗ, ಉತ್ತರದ ಗುಡ್ಡವೊಂದರಲ್ಲಿ ಹೊಸದಾಗಿ ಶುರುವಾದ ಬೇರೊಂದು ಸಂಸ್ಥೆಯ ಶಿಬಿರದಿಂದ ಕರೆ ಬಂತು.

ಇವಳು ಹೋಗಬೇಡ ಎನ್ನುತ್ತಾಳೆಂದು ನಾನು ತಿಳಿದಿದ್ದೆ. ಹುಡುಗಿಯ ತಂದೆಯೂ ಅದೇ ನಂಬಿಕೆಯಿಂದ ಬಂದಿದ್ದರು. ಇವಳು ಹುಡುಗಿಯನ್ನು ಕರೆದುಕೊಂಡು ಆ ಶಿಬಿರಕ್ಕೆ ಹೋದಳು. ಅಲ್ಲಿದ್ದು ಅವರ ಅಡುಗೆ ಉಂಡಳು, ಕೋಚ್‌ಗಳಿಲ್ಲದ ಹೊತ್ತಿನಲ್ಲಿ ಹುಡುಗಿಯರ ಜೊತೆ ಕೂತು ಮಾತಾಡಿದಳು. ವಾಪಸ್ ಬಂದು, ಜಾಗ ಚೆನ್ನಾಗಿದೆ, ಮನಸ್ಸಿದ್ದರೆ ಹೋಗು ಎಂದಳು. ತಂದೆಗೆ ನುಂಗಲಾಗಲಿಲ್ಲ.

“ಗುಡ್ಡ ಬಿಟ್ಟು ಬಂದವರು ನೀವಽ. ಈಗ ನನ್ನ ಮಗಳಿಗೆ ಹೋಗು ಅಂತೀರಲ್ರೀ,” ಎಂದರು.

“ನಾ ಗುಡ್ಡ ಬಿಟ್ಟು ಬಂದಿಲ್ರೀ,” ಎಂದಳು ಅವಳು. “ಕಾಟಾ ಬಿಟ್ಟು ಬಂದೀನಿ.”

ಸಹಿಯ ದಿನ ಅಂಧೇರಿಯಲ್ಲಿದ್ದ ಆ ಸಂಸ್ಥೆಯ ಕಚೇರಿಗೆ ನನ್ನನ್ನೂ ಕರೆದಳು. ಒಪ್ಪಂದಗಳ ಭಾಷೆ ಓದಿ ಅಭ್ಯಾಸವಿರುವವಳು ಜೊತೆಗಿರಲಿ ಎಂದು. ಆದರೆ ನನಗೆ ಓದಲು ಕೊಡಲಿಲ್ಲ. ಹುಡುಗಿಯ ಮುಂದಿಟ್ಟು, ಪ್ರತಿ ಸಾಲನ್ನೂ ಗಟ್ಟಿಯಾಗಿ ಓದು ಎಂದಳು. ತಿಳಿಯದಿದ್ದಲ್ಲಿ ನಾನು ಅರ್ಥ ಹೇಳಬೇಕಿತ್ತು. ಎದುರಿಗೆ ಕೂತ ಅಧಿಕಾರಿ ಗಡಿಯಾರ ನೋಡುತ್ತಿದ್ದ. ಊಟ, ವೈದ್ಯರು, ರಜೆ ಎಲ್ಲ ಸರಿಯಾಗಿತ್ತು. ಕೊನೆಯ ಪುಟದಲ್ಲಿ ಹುಡುಗಿ ಒಂದು ಸಾಲನ್ನು ಎರಡು ಸಲ ಓದಿದಳು. ಶಿಬಿರದೊಳಗಿನ ಯಾವ ವಿಷಯವನ್ನೂ ಓಟಗಾರ್ತಿಯು ಹೊರಗಿನವರೊಡನೆ ಮಾತಾಡತಕ್ಕದ್ದಲ್ಲ ಎಂದಿತ್ತು.

ನಾನು ಇವಳ ಮುಖ ನೋಡಿದೆ. ಇವಳು ತನ್ನ ಮುಂದಿನ ಚಹಾದ ಕಪ್ಪನ್ನು ಎತ್ತಿಕೊಂಡಳು.

“ಅಕ್ಕಾ, ಯೇ ವಾಲಾ ನಾನು ಸೈನ್ ಮಾಡಲ್ಲ,” ಎಂದಳು ಹುಡುಗಿ.

ಇದು ಎಲ್ಲರೂ ಹಾಕುವ ಸಹಿ, ಬರೀ ಶಾಸ್ತ್ರಕ್ಕಿರುವ ಸಾಲು ಎಂದು ಅಧಿಕಾರಿ ಸಮಾಧಾನ ಹೇಳಿದ. ಶಾಸ್ತ್ರಕ್ಕಾದರೆ ತೆಗೆದುಬಿಡಿ ಎಂದಳು ಹುಡುಗಿ. ಅವನು ಇವಳ ಕಡೆ ತಿರುಗಿ, ಹಿರಿಯರಾದ ನೀವಾದರೂ ತಿಳಿಹೇಳಿ ಮೇಡಂ ಎಂದ. ಓಡುವವಳು ಅವಳು, ಅವಳನ್ನೇ ಕೇಳಿ ಎಂದು ಇವಳು ಚಹಾ ಕುಡಿದಳು.

ಅಧಿಕಾರಿ ಫೋನ್ ಹಿಡಿದು ಹೊರಗೆ ಹೋದ. ಬಹಳ ಹೊತ್ತು ಬರಲಿಲ್ಲ. ಹುಡುಗಿ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಕೈಕಟ್ಟಿ ಕೂತಳು. ಇದು ಕೈತಪ್ಪಿದರೆ ಅವಳಿಗೆ ಬೇರೆ ಕರೆ ಇರಲಿಲ್ಲ, ಅದು ನಮ್ಮ ಮೂವರಿಗೂ ಗೊತ್ತಿತ್ತು. ಕೊನೆಗೆ ಅವನು ಒಳಗೆ ಬಂದು ಹಾಳೆ ತನ್ನ ಕಡೆ ತಿರುಗಿಸಿಕೊಂಡು ಆ ಸಾಲಿನ ಮೇಲೆ ಗೀಟು ಎಳೆದ. ಹುಡುಗಿ ಬಗ್ಗಿ, ಗೀಟು ಸಾಲಿನ ಕೊನೆಯ ಅಕ್ಷರದ ತನಕ ಬಿದ್ದಿದೆಯೇ ಎಂದು ನೋಡಿದಳು. ಆಮೇಲೆ ಪೆನ್ನು ತೆಗೆದಳು.